ಹುಟ್ಟುಕಿವುಡನಿಗೆ ಕೇಳಿಸಿದ ಪಿಸುಮಾತು

ತಿರಕಪ್ಪ ಮೊದಲ ಸಲ ಮನೆ ಬಿಟ್ಟದ್ದು ಕಾರಹುಣ್ಣಿಮೆಯ ದಿನ, ಎತ್ತಿನ ಗೆಜ್ಜೆಯ ಸದ್ದನ್ನು ಎರಡೂ ಕಿವಿಯಲ್ಲಿ ತುಂಬಿಕೊಂಡು. ಹದಿನೇಳು ವರ್ಷ ಸೈನ್ಯದ ಫಿರಂಗಿಗಳ ಪಕ್ಕ ನಿಂತ. ಮರಳಿದಾಗ ಎಡಗಿವಿ ಕಿವುಡಾಗಿತ್ತು. ಅದರೊಳಗೆ ಸದಾ ಒಂದೇ ಸದ್ದು, ಬಯಲಾಚೆ ಎಲ್ಲೋ ಹೋಗುತ್ತಿರುವ ರೈಲಿನದು.

ಅಂಗವಿಕಲ ಪಿಂಚಣಿ ಕೇಳಿದರೆ ಇಲಾಖೆ ಇಲ್ಲವೆಂದಿತು. ಮೇಲ್ಮನವಿ ಹಾಕಿದ. ವಿಚಾರಣೆಗೆ ಕೂತ ದೊಡ್ಡ ಡಾಕ್ಟರು ಫೈಲಿನಿಂದ ತಲೆಯನ್ನೇ ಎತ್ತಲಿಲ್ಲ.

"ಇದು ಹುಟ್ಟುಕಿವುಡು. ಸೈನ್ಯಕ್ಕೂ ಇದಕ್ಕೂ ಸಂಬಂಧವಿಲ್ಲ."

"ಹಂಗಂತ ಬರದು ಸಹಿ ಮಾಡ್ರಿ ಸಾಹೇಬ್ರ."

ಡಾಕ್ಟರು ಖುಷಿಯಿಂದ ಬರೆದು ಸಹಿ ಹಾಕಿದರು. ತಿರಕಪ್ಪ ಚೀಲದಿಂದ ಹಳದಿಯಾದ ಹಾಳೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಭರ್ತಿಯ ದಿನ ಸೈನ್ಯದ ಡಾಕ್ಟರು ಅವನನ್ನು ಬೆನ್ನು ತಿರುಗಿಸಿ ನಿಲ್ಲಿಸಿ, ಇಪ್ಪತ್ತು ಅಡಿ ದೂರದಿಂದ ಪಿಸುಗುಟ್ಟಿ ಪರೀಕ್ಷಿಸಿದ್ದರು. 'ಎರಡೂ ಕಿವಿ ಚೆನ್ನಾಗಿ ಕೇಳುತ್ತವೆ' ಎಂದು ಆ ಹಾಳೆಯಲ್ಲಿ ಬರೆದು ಮೊಹರು ಒತ್ತಿದ್ದರು.

"ಹುಟ್ಟುಕಿವುಡಗ ಪಿಸುಮಾತು ಕೇಳಿಸಿದ ಪುಣ್ಯಾತ್ಮ ಇವರು. ಇವರ ವಿಳಾಸ ಕೊಡ್ರಿ ಸಾಹೇಬ್ರ. ಪಿಂಚಣಿ ಬ್ಯಾಡ, ಇನ್ನೊಮ್ಮೆ ಅವರಿಗೇ ಕಿವಿ ತೋರಸ್ತೀನಿ."

ಮೂಲೆಯ ಗುಮಾಸ್ತ ಕೆಮ್ಮಿದಂತೆ ಮಾಡಿ ನಗು ನುಂಗಿದ. ಡಾಕ್ಟರು ಎರಡು ಹಾಳೆಗಳನ್ನೂ ಅಕ್ಕಪಕ್ಕ ಇಟ್ಟು ಓದಿದರು. ಕೊನೆಗೆ ತಮ್ಮ ಸಾಲನ್ನು ಹೊಡೆದುಹಾಕಿ, 'ಸೇವೆಯಲ್ಲಿ ಬಂದ ಕಿವುಡು' ಎಂದು ಬರೆದರು.

"ಆ ಕಿವಿಯೊಳಗೆ ಏನೂ ಕೇಳುವುದಿಲ್ಲವೇ?" ಎಂದರು ಮೆಲ್ಲಗೆ.

"ರೈಲು ಕೇಳತೈತ್ರಿ."

ಆದೇಶದ ಪತ್ರ ಬಂದ ದಿನ ತಿರಕಪ್ಪ ಅದನ್ನು ಹೆಂಡತಿ ಶಂಕ್ರವ್ವನ ಕೈಗಿಟ್ಟು, ಹಾಸಿಗೆ ಸುತ್ತತೊಡಗಿದ.

"ಮತ್ತ ಎಲ್ಲಿಗೆ?" ಎಂದಳು ಅವಳು.

"ಮನಿಗೆ ಪಿಂಚಣಿ ಬಂತು. ಕಿವ್ಯಾಗಿನ ರೈಲೂ ಹತ್ರ ಬಂದೈತಿ, ಹೋಗಬೇಕು."

ಶಂಕ್ರವ್ವ ಕಿಟಕಿಯಾಚೆಯ ಬಯಲನ್ನೊಮ್ಮೆ ನೋಡಿದಳು. ಅಲ್ಲಿ ಹಳಿಯೇ ಇರಲಿಲ್ಲ. ಆದರೂ ನಾಲ್ಕು ರೊಟ್ಟಿ ಬಟ್ಟೆಯಲ್ಲಿ ಕಟ್ಟಿ ಅವನ ಚೀಲದೊಳಗಿಟ್ಟಳು.