ಬಾಚಪ್ಪ ಹದ್ದು ಚಿಪ್ಪು ಒಡೆಯಲು ಕಲಿತದ್ದು

ಮಕ್ಕಳೇ, ಕಲ್ಲುಗುಡ್ಡದ ಕೆಳಗೆ ಒಂದು ಕೆರೆ. ಅದರ ದಂಡೆಯ ಮತ್ತಿಮರದಲ್ಲಿ ಬಾಚಪ್ಪ ಎಂಬ ಹದ್ದಿನ ಸಂಸಾರ. ಬಾಚಪ್ಪ ರೆಕ್ಕೆ ಬಿಚ್ಚಿದರೆ ಕೆಳಗಿನ ಊರಿನವರು ಹಗಲಲ್ಲೇ ದೀಪ ಹಚ್ಚಬೇಕು. ಒಮ್ಮೆ ಅವನು ಹಾರಿದ ಗಾಳಿಗೆ ಕೆರೆಯ ನೀರೆಲ್ಲ ಆಚೆ ದಂಡೆ ಹತ್ತಿ, ಸಂಜೆಯ ಹೊತ್ತಿಗೆ ನಾಚಿಕೊಂಡು ಹಿಂದಕ್ಕೆ ಬಂತು.

ಇಂಥವನಿಗೂ ಒಂದು ಕೊರತೆ. ಅವನ ಕಣ್ಣು ಯಾವಾಗಲೂ ತುತ್ತಿನ ಮೇಲೆಯೇ.

ಆ ಬೇಸಿಗೆಯಲ್ಲಿ ಮೀನುಗಳು ಆಳಕ್ಕಿಳಿದವು, ಕಪ್ಪೆಗಳು ಮಣ್ಣಿನಲ್ಲಿ ಹೂತುಕೊಂಡವು. ದಂಡೆಯಲ್ಲಿ ಉಳಿದದ್ದು ಬಸವನಹುಳು ಮಾತ್ರ. ಅದರ ಚಿಪ್ಪು ಕೊಕ್ಕಿಗೆ ಜಗ್ಗುತ್ತಿರಲಿಲ್ಲ. ಗೂಡಿನಲ್ಲಿ ಬಾಚಪ್ಪನ ಮರಿ ಹಸಿದು ಕತ್ತು ಚೆಲ್ಲಿ ಮಲಗಿತ್ತು.

ಪಕ್ಕದ ಮರದ ಎಳೆ ಹದ್ದು ಚೆಲುವಿ ಒಂದು ಉಪಾಯ ಕಂಡುಕೊಂಡಿದ್ದಳು. ಹುಳುವನ್ನು ಮೇಲಕ್ಕೊಯ್ದು ಕೆಳಗೆ ಬಿಟ್ಟರೆ ಚಿಪ್ಪು ಹೋಳಾಗುತ್ತಿತ್ತು. ಅವಳನ್ನು ನೋಡಿ ಒಂದೊಂದೇ ಹದ್ದು ಕಲಿಯಿತು. ಬಾಚಪ್ಪನ ಹೆಂಡತಿ ನಿಂಗವ್ವ ಗಂಡನನ್ನೂ ಕಳಿಸಿದಳು. ಅವನು ಒಂದೇ ಸಲ ನೋಡಿ, ಇಷ್ಟೇ ತಾನೆ ಎಂದು ಹಾರಿದ.

ಮೊದಲನೆಯ ಹುಳು ಕೆಸರಿನಲ್ಲಿ ಮೆತ್ತಗೆ ಕೂತಿತು. ಇನ್ನೊಂದು ಹುಲ್ಲಿಗೆ ಬಿದ್ದು, ಮಗ್ಗುಲು ಬದಲಿಸಿ ತನ್ನ ದಾರಿ ಹಿಡಿಯಿತು. ಆಗ ನೀರಂಚಿನಲ್ಲಿ ಕಪ್ಪಗೆ ಹೊಳೆಯುವ ಬಂಡೆಯೊಂದು ಕಂಡಿತು. ಬಾಚಪ್ಪ ಮತ್ತೊಂದು ಹುಳು ಹಿಡಿದು, ಮೋಡಕ್ಕೆ ತಲೆ ತಾಗುವಷ್ಟು ಮೇಲೇರಿ ಅದರ ಮೇಲೆ ಬಿಟ್ಟ.

ಬಂಡೆ ಎದ್ದು ನಿಂತಿತು. ಅದು ಎಮ್ಮೆ ಕರಿಯಕ್ಕ.

"ಯಾರಪ್ಪ ಅದು, ಬೆನ್ನಿಗೆ ಕುಟ್ಟಿದ್ದು?"

"ತಪ್ಪಾಯಿತು ಕರಿಯಕ್ಕ, ಬಂಡೆ ಅಂದುಕೊಂಡೆ."

"ಬಂಡೆ ಬಾಲ ಆಡಿಸುತ್ತದೇನಪ್ಪ? ಹೋಗಲಿ, ಸ್ವಲ್ಪ ಎಡಕ್ಕೆ ಇನ್ನೊಂದು ಹಾಕು. ಅಲ್ಲೇ ತುರಿಸುತ್ತಿದೆ."

ಹದ್ದುಗಳೆಲ್ಲ ಕೊಂಬೆ ಅಲ್ಲಾಡುವಂತೆ ನಕ್ಕವು. ಬಾಚಪ್ಪ ಬರಿಯ ಉಗುರಿನಲ್ಲಿ ಗೂಡಿಗೆ ಬಂದ. ಮರಿ ಬಾಯಿ ತೆರೆದು, ಏನೂ ಸಿಗದೆ ಮುಚ್ಚಿಕೊಂಡಿತು.

"ಏನ್ರೀ, ಚೆಲುವಿ ಹುಳುವನ್ನು ಯಾವುದರ ಮೇಲೆ ಬಿಟ್ಟಳು?" ಎಂದಳು ನಿಂಗವ್ವ.

"ಅದನ್ನು ನೋಡಲಿಲ್ಲ."

"ಮತ್ತೆ ಏನು ನೋಡಿದಿರಿ?"

"ಹುಳು. ಒಳ್ಳೆ ಕೊಬ್ಬಿದ ಹುಳು ಕಣೇ."

"ಅದನ್ನು ಅವಳು ತಿಂದಾಯಿತು. ಈಗ ಹೋಗಿ ಅವಳನ್ನು ನೋಡಿ."

ಬಾಚಪ್ಪ ಮತ್ತೆ ಹೋಗಿ ಕೂತ. ಕಣ್ಣು ಹುಳುವಿನ ಕಡೆ ಜಾರಿದಾಗಲೆಲ್ಲ ಎಳೆದು ಚೆಲುವಿಯ ಮೇಲೆ ಇಟ್ಟ. ಆಗ ಕಂಡಿತು. ಅವಳು ಹುಳುವನ್ನು ಎತ್ತಿದ ಕೂಡಲೇ ಬಿಡುತ್ತಿರಲಿಲ್ಲ. ಗುಡ್ಡದ ನೆತ್ತಿಯ ಚಪ್ಪಟೆ ಕಲ್ಲಿನ ಮೇಲೆ ಸುತ್ತು ಹೊಡೆದು, ಗಾಳಿ ನಿಲ್ಲುವವರೆಗೆ ಕಾದು, ಆಮೇಲೆ ಬಿಡುತ್ತಿದ್ದಳು.

ಬಾಚಪ್ಪನೂ ಹಾಗೆಯೇ ಮಾಡಿದ. ಚಿಪ್ಪು ಒಡೆದ ಸದ್ದಿಗೆ ಪಕ್ಕದ ಊರಿನ ತೆಂಗಿನಕಾಯಿಗಳೆಲ್ಲ ತಾವಾಗಿಯೇ ಹೋಳಾದವು.

ಮರಿ ಗಬಗಬನೆ ತಿಂದಿತು. ಹೊಟ್ಟೆ ತುಂಬಿದ ಮೇಲೆ, ಇದನ್ನು ಎಲ್ಲಿ ಕಲಿತೆ ಎಂದು ಅಪ್ಪನನ್ನು ಕೇಳಿತು. ಎದೆಯುಬ್ಬಿಸಲು ಹೊರಟ ಬಾಚಪ್ಪ ನಿಂಗವ್ವನ ಮುಖ ನೋಡಿ ತಣ್ಣಗಾದ.

"ಚೆಲುವಿಯನ್ನು ನೋಡಿ ಕಲಿತೆ ಮಗ. ರೆಕ್ಕೆ ಬಲಿತ ಮೇಲೆ ನೀನೂ ಬಾ. ಹುಳುವನ್ನು ನೋಡಬೇಡ, ನನ್ನನ್ನು ನೋಡು."

ನೀತಿ: ಇನ್ನೊಬ್ಬರಿಗೆ ಸಿಕ್ಕ ತುತ್ತನ್ನು ನೋಡಿದರೆ ಬಾಯಲ್ಲಿ ನೀರೂರುತ್ತದೆ, ಅವರು ಮಾಡುವ ಕೆಲಸವನ್ನು ನೋಡಿದರೆ ವಿದ್ಯೆ ಬರುತ್ತದೆ.