ನರದ ಉಳಿದರ್ಧ

ಗಾಜಿನ ಜಾಡಿಯ ಫಾರ್ಮಲಿನ್‌ನಲ್ಲಿ ಸತ್ತ ಆಡಿನ ಮಿದುಳು ಮುಳುಗಿತ್ತು. ಅದಕ್ಕೆ ಅಂಟಿಕೊಂಡಿದ್ದ ಕಿವಿಯ ನರಕ್ಕೆ ಒಂದೇ ಕೊರಗು. ಬದುಕಿದ್ದಷ್ಟು ದಿನ ಸದ್ದು ಹೊತ್ತದ್ದೇ ಬಂತು, ಅದನ್ನು ಯಾರಿಗೆ ಮುಟ್ಟಿಸಿದೆನೆಂದು ಮಾತ್ರ ಗೊತ್ತಾಗಲೇ ಇಲ್ಲ.

ಒಂದು ದಿನ ಪ್ರಯೋಗಾಲಯದವರು ಅದರ ಹೊರತುದಿಗೆ, ನರದುದ್ದಕ್ಕೂ ಮೆಲ್ಲಗೆ ಹರಡಿ ಅದರ ದಾರಿ ತೋರಿಸುವ ಕೆಂಪು ಬಣ್ಣದ ಹರಳೊಂದನ್ನು ಇಟ್ಟರು. "ನಿನ್ನ ಮೈಗುಂಟ ನಡೆದು ಕೊನೆ ನೋಡಿ ಹೇಳುತ್ತೇನಜ್ಜ," ಎಂದಿತು ಹರಳು. "ಆದರೆ ನನ್ನ ನಡಿಗೆ ಕಂಡರೆ ಬಸವನಹುಳುವೂ ನಕ್ಕೀತು. ಮೂರು ತಿಂಗಳು ಬೇಕು."

"ಸತ್ತವರಿಗೆ ಏನು ಅವಸರ? ನಡಿಯಪ್ಪ," ಎಂದಿತು ನರ.

ಐದನೇ ವಾರಕ್ಕೇ ಬ್ಲೇಡು ಬಂತು. "ಎಲ್ಲಿಗೆ ಮುಟ್ಟಿದೆಯೋ ಕೆಂಪ?"

"ಅರ್ಧ ದಾರಿ ಸ್ವಾಮಿ. ಇನ್ನೂ ಸ್ವಲ್ಪ ತಾಳಿ."

"ತಾಳುವುದು ನಿನ್ನಂಥವರ ಕೆಲಸ," ಎಂದ ಬ್ಲೇಡು, ಬಣ್ಣ ಮುಟ್ಟಿದ್ದ ಜಾಗಕ್ಕಿಂತ ಕೊಂಚ ಮುಂದೆ ನರವನ್ನು ಕಚಕ್ಕನೆ ಕತ್ತರಿಸಿತು. ಕೆಂಪು ಇನ್ನೊಂದು ವಾರ ತೆವಳಿ, ಕತ್ತರಿಸಿದ ಅಂಚಿಗೆ ಬಂದು ನಿಂತುಬಿಟ್ಟಿತು.

"ನೋಡಿದಿರಾ, ಈ ನರ ಇಲ್ಲಿಗೇ ಮುಗಿಯುತ್ತದೆ!" ಎಂದು ಬ್ಲೇಡು ಸಾರಿತು. ಜಾಡಿಯ ಚೀಟಿ ಹಾಗೆಯೇ ಬರೆದುಕೊಂಡಿತು.

ನರಕ್ಕೆ ತಲೆಬುಡ ತಿಳಿಯಲಿಲ್ಲ. "ಹಾಗಾದರೆ ಅಗೋ, ಎದುರಿಗೆ ಮಿದುಳಿಗೆ ಅಂಟಿಕೊಂಡಿರುವ ಆ ತುಂಡು ಯಾರದು ಸ್ವಾಮಿ? ನನ್ನದೇ ಅನ್ನಿಸುತ್ತಿದೆಯಲ್ಲ?"

"ಅದರಲ್ಲಿ ಕೆಂಪು ಎಲ್ಲಿದೆ, ತೋರಿಸು?"

ನರ ಬಹಳ ಹೊತ್ತು ನೋಡಿತು. ಕೆಂಪು ಇರಲಿಲ್ಲ. "ಇಲ್ಲ ಸ್ವಾಮಿ," ಎಂದು, ತನ್ನದೇ ಅರ್ಧ ಮೈಯನ್ನು ಪರರದೆಂದು ಒಪ್ಪಿಕೊಂಡಿತು.