ಕೆರೆ ತೂಬಿನ ಬೀಗ

ನೀರ್ಗಾರ... ಅಲ್ಲ. ನೀರಗಾವಲಿ... ಅದೂ ಅಲ್ಲ. ನಮ್ಮ ಬಯಲುಸೀಮೆಯಲ್ಲಿ ಕೆರೆ ನೀರನ್ನು ಹೊಲಹೊಲಕ್ಕೆ ಹಂಚುವವನಿಗೆ ಏನೋ ಅನ್ನುತ್ತಿದ್ದರು. ಇರಲಿ ಪುಟ್ಟಿ, ಕತೆ ನಡೆಯುತ್ತಾ ನೆನಪಾದೀತು.

ಅಲ್ಲಿ ಒಬ್ಬ ಅರಸ ಡಂಗುರ ಹೊಡೆಸಿದ: "ಕೇಳ್ರಪ್ಪೋ! ಅರಮನೆಯ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಕೊಡುತ್ತೇವೆ. ತಪ್ಪಿದರೆ ತಲೆ ಹೋಗುತ್ತದೆ!"

ಅದನ್ನು ಕೇಳಿ ಮಾಳಿ ಎಂಬ ಹುಡುಗಿ ಅರಮನೆಗೆ ಹೊರಟಳು. ಆ ಸೀಮೆಯನ್ನು ಹಿಂದೆ ಆಳಿದ, ಹಡಗಿನಲ್ಲಿ ಬಂದ ಪರದೇಶದ ದೊರೆಗಳು, ನೀರೆಲ್ಲ ಆಳುವವರದೆಂದು ಕಾಯಿದೆ ಮಾಡಿ, ಕೆರೆಯ ನೀರು ಬಿಡುವ ತೂಬಿಗೆ ಬೀಗ ಜಡಿದಿದ್ದರು. ಪೈರು ಒಣಗುವುದನ್ನು ನೋಡಲಾರದೆ ಬೀಗ ಒಡೆದ ಅವಳಪ್ಪ ಸೆರೆಯಲ್ಲಿದ್ದ. ತೂಬಿಗೆ ಹೊಸ ಬೀಗ ಬಿದ್ದಿತ್ತು.

ಅರಸ ಕೇಳಿದ: "ಕೆರೆಯೆಲ್ಲ ಅದರ ಬಾಯಿಂದಲೇ ಹೊರಡುತ್ತದೆ, ಅದು ಮಾತ್ರ ಒಂದು ಗುಟುಕೂ ಕುಡಿಯದು. ಯಾವುದು?"

ಮುಂದೆ ನಿಂತಿದ್ದ ದಳವಾಯಿ "ಬಿಂದಿಗೆ" ಅಂದ. ಭಟರು ಅವನನ್ನು ಎಳೆದೊಯ್ದರು.

"ತೂಬು," ಅಂದಳು ಮಾಳಿ.

"ಹಿಡಿ ಮಣ್ಣಿಲ್ಲದ ಒಬ್ಬನ ಮಾತಿಗೆ ಹೊಲವುಳ್ಳವರೆಲ್ಲ ತಲೆಬಾಗುತ್ತಾರೆ. ಯಾರವನು?"

"ಸನ್ಯಾಸಿ!" ಎಂದು ಪಂಡಿತ ಶಾಲು ಕೊಡವಿದ. ಆಮೇಲೆ ಶಾಲು ಮಾತ್ರ ಅಲ್ಲಿ ಉಳಿಯಿತು.

"ನಮ್ಮಪ್ಪ, ಸ್ವಾಮಿ. ನೀರು ಹಂಚುವವನಿಗೆ ಕೆರೆ ಕೆಳಗೆ ಅಂಗೈಯಗಲ ಹೊಲವೂ ಇರಬಾರದು. ಇದ್ದರೆ ಕೈ ತನ್ನ ಕಡೆಗೇ ಬಾಗುತ್ತದಲ್ಲ."

ಮೂರನೆಯದಕ್ಕೆ ಅರಸನ ದನಿ ಇಳಿಯಿತು. "ಒಡೆಯ ಊರು ಬಿಟ್ಟ, ಆಳು ಬಿಡಲಿಲ್ಲ. ಆ ಆಳಿಗೆ ಕೂಳು ಬೇಡ, ಕೂಲಿ ಬೇಡ, ಸಾವೂ ಇಲ್ಲ."

"ಹಡಗಿನವರ ಕಾಯಿದೆ," ಅಂದಳು ಮಾಳಿ. "ಅವರು ಹೋದರು. ನಿನ್ನೆ ಬಿದ್ದ ಮಳೆಯೂ ಅವರ ಮಾತೇ ಕೇಳುತ್ತಿದೆ."

ಸಭೆ ಉಸಿರು ಬಿಟ್ಟಿತು.

"ಬೇಡು ಮಗಳೇ."

"ಅಪ್ಪನನ್ನು ಬಿಡಿ. ತೂಬಿನ ಬೀಗ ತೆಗೆಸಿ."

"ಅಪ್ಪನನ್ನು ಕರೆದುಕೊಂಡು ಹೋಗು. ಬೀಗ ನನ್ನ ಕೈಲಿಲ್ಲ. ಅದು ಕಾಯಿದೆ."

"ಬೀಗದಕೈ ನಿಮ್ಮ ಸೊಂಟದಲ್ಲೇ ಇದೆಯಲ್ಲ, ಸ್ವಾಮಿ!"

ಅರಸ ಸೊಂಟ ಮುಟ್ಟಿಕೊಂಡು ಮುಖ ತಿರುಗಿಸಿದ. "ಅದರ ಬದಲು ಕೆರೆ ಕೆಳಗಿನ ಗದ್ದೆ ಕೊಟ್ಟಿದ್ದೇನೆ. ಬೇಡವೆನ್ನಬೇಡ."

ಬೇಡವೆಂದರೆ ಅಪ್ಪನನ್ನೂ ಬಿಡಲಿಕ್ಕಿಲ್ಲವೆಂದು ಹೆದರಿ ಮಾಳಿ ಸೆರಗೊಡ್ಡಿದಳು.

ಅಪ್ಪ ಮನೆಗೆ ಬಂದ. ಗದ್ದೆಯ ಸುದ್ದಿ ಕೇಳಿ ಹೇಳಿದ:

"ಎಂದಾದರೂ ಆ ಬೀಗ ತೆಗೆದರೂ ನಮ್ಮ ಮನೆಯವರು ಇನ್ನು ತೂಬು ಮುಟ್ಟುವ ಹಾಗಿಲ್ಲ ಮಗಾ. ನಾವೀಗ ಹೊಲದವರು."

ತಾತನ ಕಾಲದ ನೀರಳೆಯುವ ಕೋಲನ್ನು ಅವನು ಅಟ್ಟದ ಮೇಲಿಟ್ಟ. ಅದನ್ನು ಮತ್ತೆ ಯಾರೂ ಇಳಿಸಲಿಲ್ಲ.

ನೀರಗಂಟಿ! ಹಾಂ, ಅದೇ ಹೆಸರು. ಪುಟ್ಟಿ, ನಾಲಿಗೆಯಿಂದ ಮತ್ತೆ ಜಾರುವ ಮೊದಲು ಬರೆದುಕೊಳ್ಳೇ.